ನೀಲಿ ಕಾಗದ

ಮಾರ್ಚ್ 4

ಪುಟ್ಟಿ,

ಎರಡು ವರ್ಷದ ಮೇಲೆ ನಿನಗೆ ಬರೆಯುತ್ತಿದ್ದೇನೆ. ಕ್ಷೇಮ ವಿಚಾರಿಸಲು ಅಲ್ಲ. ಧ್ಯಾನಕೇಂದ್ರದಲ್ಲಿ ಕೂತವರಿಗೆ ಕ್ಷೇಮವಾಗಿರುವುದು ಬಿಟ್ಟು ಬೇರೆ ಕೆಲಸವೇನಿದೆ? ನಿಮ್ಮಲ್ಲಿ ಫೋನು ಇಟ್ಟುಕೊಳ್ಳುವಂತಿಲ್ಲವಂತೆ. ಇಲ್ಲದಿದ್ದರೆ ಈ ಹಾಳೆ ಹಾಳು ಮಾಡುತ್ತಿರಲಿಲ್ಲ.

ಅಪ್ಪನ ಸಂಗತಿ. ಬಂದರಿನಲ್ಲಿ ಆದದ್ದನ್ನು ಅವನೇ ನಿನಗೆ ಬರೆದಿದ್ದಾನೆ ಎಂದು ಗೊತ್ತು. ಆದರೆ ಅವನು ಬರೆಯುವ ರೀತಿಯೂ ಗೊತ್ತು. ಮನೆಗೆ ಬೆಂಕಿ ಬಿದ್ದರೂ ‘ಸ್ವಲ್ಪ ಸೆಕೆ’ ಅನ್ನುವವನು. ಆಗಸ್ಟ್ ಹತ್ತೊಂಬತ್ತರ ಬೆಳಿಗ್ಗೆ ಅವನು ನಡೆಸುತ್ತಿದ್ದ ಕ್ರೇನಿನ ಸರಪಳಿ ತುಂಡಾಗಿ ಉಕ್ಕಿನ ತೊಲೆ ಬಿತ್ತು. ಕೆಳಗೆ ನಿಂತು ಅವನಿಗೆ ಸನ್ನೆ ಕೊಡುತ್ತಿದ್ದವನು ಅಲ್ಲೇ ಸತ್ತ. ಹನ್ನೊಂದು ವರ್ಷ ಜೊತೆಗೆ ದುಡಿದವನು. ಬಾಯಲ್ಲೇ ಸಿಳ್ಳೆ ಹಾಕಿ ‘ಎತ್ತು, ನಿಲ್ಲಿಸು’ ಹೇಳುತ್ತಿದ್ದನೆಂದು ಬಂದರಿಗೆಲ್ಲ ‘ಸಿಳ್ಳೆ’ ಆಗಿದ್ದ. ತನಿಖೆ ನಡೆಯಿತು. ಸರಪಳಿಯ ಒಂದು ಕೊಂಡಿಯೊಳಗೆ ಹಳೆಯ ಬಿರುಕಿತ್ತು, ಹೊರಗಿನಿಂದ ಯಾರಿಗೂ ಕಾಣುವಂತಿರಲಿಲ್ಲ, ಆದ್ದರಿಂದ ಯಾರ ತಪ್ಪೂ ಇಲ್ಲ ಎಂದು ಬರೆದು ಮುಗಿಸಿದರು.

ಆ ‘ಯಾರ ತಪ್ಪೂ ಇಲ್ಲ’ ಅನ್ನುವುದನ್ನು ಅಪ್ಪನಿಗೆ ನುಂಗಲೂ ಆಗುತ್ತಿಲ್ಲ, ಉಗುಳಲೂ ಆಗುತ್ತಿಲ್ಲ. ಕೆಲಸ ಬಿಟ್ಟ. ಕಣ್ಣಿಗೆ ಕಣ್ಣು ಹತ್ತುವುದಿಲ್ಲ. ಬಾಗಿಲಿನ ಹಿಡಿ ಹಿಡಿದರೆ ಕೈ ಅಲ್ಲೇ ಸೆಟೆದುಕೊಳ್ಳುತ್ತದೆ. ನಾನು ಹೋಗಿ ಬೆರಳು ಒಂದೊಂದಾಗಿ ಬಿಡಿಸಬೇಕು.

ಮೊನ್ನೆ ತಟ್ಟೆ ಮುಂದೆ ಕೂತು, “ಪುಟ್ಟಿ ಹತ್ರ ಹೋಗಿ ಹತ್ತು ದಿನ ಸುಮ್ಮನೆ ಕೂತು ಬರಲಾ?” ಅಂದ.

ಅವನು ಬರುವುದಿಲ್ಲ. ಅದನ್ನು ಹೇಳಲಿಕ್ಕೇ ಈ ಪತ್ರ. ನೀವು ಏನು ಹೇಳುತ್ತೀರಿ? ಕಣ್ಣು ಮುಚ್ಚು, ಬಂದದ್ದನ್ನು ನೋಡು, ತಳ್ಳಬೇಡ, ಹಿಡಿಯಬೇಡ. ಅವನು ಏನನ್ನು ನೋಡಬೇಕು? ತೊಲೆಯ ಕೆಳಗಿನಿಂದ ಹೊರಗೆ ಕಾಣುತ್ತಿದ್ದ ಎರಡು ಬೂಟುಗಳನ್ನೇ?

ನಾನೇ ಚಿಕಿತ್ಸೆ ಶುರು ಮಾಡಿದ್ದೇನೆ. ನನ್ನ ಸಮ್ಮೋಹನ ಚಿಕಿತ್ಸೆಯನ್ನು ನೀನು ‘ಮಕ್ಕಳಿಗೆ ಜೋಗುಳ’ ಅಂದಿದ್ದು ಮರೆತಿಲ್ಲ. ಕೆಳಗಿನ ಮಹಡಿಯ ದಂತವೈದ್ಯರು ಸೂಜಿಗೆ ಹೆದರುವವರನ್ನು ಈ ಜೋಗುಳಕ್ಕೇ ಮೇಲೆ ಕಳಿಸುತ್ತಾರೆ. ಸಿಗರೇಟು ಬಿಟ್ಟವರು, ಲಿಫ್ಟು ಹತ್ತಲು ಕಲಿತವರು, ಉಗುರು ಕಚ್ಚುವುದು ನಿಲ್ಲಿಸಿದವರು ನನ್ನ ಒರಗು ಕುರ್ಚಿಯಿಂದ ಎದ್ದು ಹೋಗಿದ್ದಾರೆ. ನಿನ್ನ ಚಾಪೆಯಿಂದ ಎದ್ದವರು ಮತ್ತೆ ಮುಂದಿನ ವರ್ಷ ಅದೇ ಚಾಪೆಗೆ ಬರುತ್ತಾರೆ.

ಎರಡು ವರ್ಷದ ಹಿಂದೆ ಅಮ್ಮ ಸಾಯುವಾಗ ನಾನು ಮೂರು ಸಲ ಸುದ್ದಿ ಕಳಿಸಿದೆ. ನೀನು ಕೇಂದ್ರದ ಮೌನವ್ರತದಲ್ಲಿದ್ದೆ. ‘ಯಾವುದೇ ಸುದ್ದಿ ತಲುಪಿಸಬಾರದು’ ಎಂದು ಸಹಿ ಹಾಕಿದ್ದೆಯಂತೆ. ಅಮ್ಮನ ಹೆಸರು ಆ ಅರ್ಜಿಯಲ್ಲಿ ಇರಲಿಲ್ಲ, ಆದರೆ ‘ಯಾವುದೇ’ ಎಂಬ ಮಾತಿನೊಳಗೆ ಅವಳು ಇದ್ದಳು. ಒಬ್ಬರನ್ನು ನಿನ್ನ ಮೌನಕ್ಕೆ ಬಿಟ್ಟದ್ದು ಸಾಕು, ಅಪ್ಪನನ್ನೂ ಬಿಡಲಾರೆ.

— ಅಕ್ಕ


ಮಾರ್ಚ್ 16

ಅಕ್ಕಾ,

ನಿನ್ನ ಪತ್ರ ಬಂದು ನಾಲ್ಕು ದಿನವಾಯಿತು. ಸಿಟ್ಟು ಇಳಿಯಲಿ ಎಂದು ಕಾದೆ. ಇಳಿಯಿತು. ಈಗ ಬರೆಯುತ್ತಿರುವುದನ್ನು ಸಿಟ್ಟಿನಿಂದ ಬರೆದದ್ದು ಎಂದು ತಳ್ಳಿಹಾಕಬೇಡ.

ನಿನ್ನ ಕುರ್ಚಿಯ ಮೇಲೆ ನನಗೆ ದ್ವೇಷವಿಲ್ಲ. ಅದರಿಂದ ಜನಕ್ಕೆ ನೋವು ಕಡಿಮೆಯಾಗುತ್ತದೆ, ಒಪ್ಪುತ್ತೇನೆ. ಆದರೆ ನಿನ್ನ ಕೆಲಸಕ್ಕೆ ಒಂದು ದನಿ ಬೇಕು. ಕಿವಿ ಆ ಒಂದು ದನಿಗೆ ನೆಟ್ಟು, ಉಳಿದ ಲೋಕವೆಲ್ಲ ಹಿಂದೆ ಸರಿದಾಗ, ಆ ದನಿ ಹೇಳಿದ್ದು ಒಳಗೆ ನಾಟುತ್ತದೆ. ನಮ್ಮಲ್ಲಿ ದನಿಯೇ ಇಲ್ಲ. ಗಂಟೆ ಒಂದು ಹೊಡೆಯುತ್ತಾರೆ, ಆಮೇಲೆ ನೀನುಂಟು, ನಿನ್ನ ಉಸಿರುಂಟು. ನೀನು ಕೈ ಹಿಡಿದು ಎಲ್ಲಿಗೋ ಕರೆದುಕೊಂಡು ಹೋಗುತ್ತೀ. ನಾವು ಯಾರ ಕೈಯನ್ನೂ ಹಿಡಿಯುವುದಿಲ್ಲ. ಅದನ್ನು ನೀನು ಕಲ್ಲೆದೆ ಅನ್ನುತ್ತೀ. ಇರಬಹುದು. ಆದರೆ ಕೈ ಹಿಡಿದವರು ದಾರಿ ತಪ್ಪಿದರೆ ಹಿಂದೆ ಬರುವವನೂ ತಪ್ಪುತ್ತಾನೆ.

ಅಪ್ಪನಿಗೆ ನಿದ್ದೆ ಬರಿಸು. ಕೈ ಬಿಡಿಸು. ಆದರೆ ಆ ಕುರ್ಚಿಯಲ್ಲಿ ಮಲಗಿಸಿ ಆ ದಿನದ ಬಗ್ಗೆ ಮಾತ್ರ ಕೇಳಬೇಡ. ಆ ಸ್ಥಿತಿಯಲ್ಲಿ ಮನಸ್ಸು ಕೇಳಿದವರಿಗೆ ಬೇಕಾದ್ದನ್ನು ಕಟ್ಟಿಕೊಡುತ್ತದೆ, ಕಟ್ಟಿದ್ದನ್ನು ಕಂಡದ್ದೆಂದೇ ನಂಬುತ್ತದೆ. ನೀನು ಓದುವ ಕಾಲದಲ್ಲಿ ನೀನೇ ನನಗೆ ಹೇಳಿದ ಮಾತು ಇದು. ವೈದ್ಯರು ಸ್ವಂತ ಮನೆಯವರ ಮೇಲೆ ಕತ್ತಿ ಎತ್ತಬಾರದು ಎಂದೂ ನೀನೇ ಹೇಳಿದ್ದೆ.

ಅಮ್ಮನ ಬಗ್ಗೆ ನೀನು ಬರೆದದ್ದನ್ನು ಓದಿದೆ.

— ನಿನ್ನ ತಂಗಿ


ಏಪ್ರಿಲ್ 28

ಪುಟ್ಟಿ,

“ಓದಿದೆ” ಅಂತೆ. ಗುಮಾಸ್ತರು ಅರ್ಜಿಯ ಮೇಲೆ ಬರೆದ ಹಾಗೆ.

ಅಪ್ಪ ಮಲಗುತ್ತಿದ್ದಾನೆ. ಆರು ತಾಸು, ಗೊರಕೆ ಸಮೇತ. ಕೈ ಸೆಟೆಯುವುದು ನಿಂತಿದೆ. ಹೇಗೆ ಮಾಡಿದೆ ಗೊತ್ತೇ? ಬೇರೆಯವರಿಗೆ ಸಮುದ್ರತೀರ, ಹೂದೋಟ ತೋರಿಸುತ್ತೇನೆ. ಅಪ್ಪನಿಗೆ ಅವನ ಕ್ರೇನಿನ ಏಣಿಯನ್ನೇ ಕೊಟ್ಟೆ. ನಲವತ್ತೆರಡು ಮೆಟ್ಟಿಲು. “ಕ್ಯಾಬಿನ್ನಿನ ಬಾಗಿಲು ಮುಚ್ಚಿದೀಯಾ ಅಪ್ಪ, ಕೆಲಸ ಮುಗೀತು, ಒಂದೊಂದೇ ಮೆಟ್ಟಿಲು ಇಳಿ” ಅನ್ನುತ್ತೇನೆ. ಇಪ್ಪತ್ತಕ್ಕೆ ಬರುವಷ್ಟರಲ್ಲಿ ಗಲ್ಲ ಎದೆಗೆ ಬೀಳುತ್ತದೆ. ಕೆಳಗಿನಿಂದ ಹಲ್ಲು ಕೊರೆಯುವ ಯಂತ್ರದ ಸದ್ದು ಬಂದರೂ ಕದಲುವುದಿಲ್ಲ.

ಇಷ್ಟಕ್ಕೆ ನಿಲ್ಲಿಸಿ ನಿನ್ನಿಂದ ಶಹಬ್ಬಾಸ್ ಪಡೆಯಬಹುದಿತ್ತು. ನಿಲ್ಲಿಸಲಿಲ್ಲ. ಬೇರು ಕೀಳದೆ ಎಲೆ ಕಿತ್ತರೇನು ಬಂತು? ಹೋದ ವಾರ ಅವನನ್ನು ಏಣಿ ಇಳಿಸದೆ ಹತ್ತಿಸಿದೆ. ಆಗಸ್ಟ್ ಹತ್ತೊಂಬತ್ತಕ್ಕೆ.

ಅವನು ನೋಡಿದ. ಬಲಗೈ ಕ್ರೇನಿನ ಹಿಡಿಯ ಮೇಲೆ, ಎಡಗೈಯಲ್ಲಿ ತೊಡೆಯ ಮೇಲಿಟ್ಟುಕೊಂಡ ಪತ್ರ. ನೀಲಿ ಕಾಗದ. ನಿಮ್ಮ ಕೇಂದ್ರದ ಅಂಗಡಿಯಲ್ಲಿ ಮಾರುತ್ತಾರಲ್ಲ, ಈಗ ನನ್ನ ಮೇಜಿನ ಮೇಲೆ ಬಿದ್ದಿದೆಯಲ್ಲ, ಅದೇ ನೀಲಿ. ನಿನ್ನ ಪತ್ರ ಮನೆಗೆ ಬರಕೂಡದು ಎಂದು ನಾನು ಹೇಳಿದ್ದಕ್ಕೆ ಅವನು ಬಂದರಿನ ವಿಳಾಸಕ್ಕೆ ತರಿಸಿಕೊಳ್ಳುತ್ತಿದ್ದ. ಓದುತ್ತಿದ್ದಾನೆ. ಕೆಳಗಿನಿಂದ ಎರಡು ಸಿಳ್ಳೆ. ಎರಡು ಅಂದರೆ ನಿಲ್ಲಿಸು. ಅವನು ಸಾಲು ಮುಗಿಸಿ ತಲೆಯೆತ್ತಿದ. ಅಷ್ಟರಲ್ಲಿ ಆಗಿಹೋಗಿತ್ತು.

ಎಂಟು ತಿಂಗಳಿಂದ ಅವನನ್ನು ತಿನ್ನುತ್ತಿದ್ದದ್ದು ಇದು. ಎಚ್ಚರವಾದ ಮೇಲೆ ಮಗುವಿನ ಹಾಗೆ ಅತ್ತ, ಆಮೇಲೆ ಮುಖ ತೊಳೆದು ಹೊಟ್ಟೆ ತುಂಬ ಉಂಡ.

ನೀನು ಅಮ್ಮನ ಸಾವಿಗೆ ಬರಲಿಲ್ಲ. ಇನ್ನೊಬ್ಬನ ಸಾವಿಗೆ ಮಾತ್ರ ಸಮಯಕ್ಕೆ ಸರಿಯಾಗಿ ಬಂದೆ. ಇದನ್ನು ಕಣ್ಣು ಮುಚ್ಚಿ ಕೂತು ನೋಡು. ತಳ್ಳಬೇಡ. ಹಿಡಿಯಬೇಡ.

— ಅಕ್ಕ


ಮೇ 6

ಅಕ್ಕಾ,

ಕಳೆದ ವರ್ಷ ಜೂನ್ ಒಂದರಿಂದ ಸೆಪ್ಟೆಂಬರ್ ಕೊನೆಯವರೆಗೆ ನಾನು ಮೌನದಲ್ಲಿದ್ದೆ. ನಾಲ್ಕು ತಿಂಗಳು. ಒಳಗೆ ಹೋಗುವ ಮೊದಲು ಪೆನ್ನು, ಕಾಗದ, ಪುಸ್ತಕ ಎಲ್ಲವನ್ನೂ ಕಚೇರಿಗೆ ಕೊಟ್ಟು ರಿಜಿಸ್ಟರಿನಲ್ಲಿ ಸಹಿ ಹಾಕಬೇಕು. ಹಾಕಿದ್ದೇನೆ. ಹೊರಗೆ ಬಂದು ಪೆನ್ನು ವಾಪಸು ಪಡೆದದ್ದಕ್ಕೂ ಸಹಿ ಇದೆ. ಆ ನಾಲ್ಕು ತಿಂಗಳಲ್ಲಿ ನಾನು ಅಪ್ಪನಿಗೆ ಒಂದು ಅಕ್ಷರ ಬರೆದಿಲ್ಲ. ಮೇ ತಿಂಗಳಲ್ಲಿ ಕೊನೆಯ ಪತ್ರ, ಆಮೇಲೆ ಅಕ್ಟೋಬರಿನಲ್ಲಿ.

ಆಗಸ್ಟ್ ಹತ್ತೊಂಬತ್ತರಂದು ಓದಲು ಅವನ ಕೈಯಲ್ಲಿ ಏನೂ ಇರಲಿಲ್ಲ.

ಹಾಗಾದರೆ ಆ ಕಾಗದ ಎಲ್ಲಿಂದ ಬಂತು? ನೀನು ಪ್ರತಿ ಸಲವೂ ರೆಕಾರ್ಡ್ ಮಾಡುತ್ತೀ ಎಂದು ಗೊತ್ತು. ಅವನು ಹೇಳಿದ್ದನ್ನು ಕೇಳಬೇಡ. ನೀನು ಕೇಳಿದ್ದನ್ನು ಕೇಳು.

— ತಂಗಿ


ಮೇ 13

ಕೇಳಿದೆ.

“ಕೈಯಲ್ಲಿ ಏನಿದೆ ಅಪ್ಪ?” ಎಂದು ಕೇಳಿದ್ದೇನೆ. “ಏನಿಲ್ಲ” ಅನ್ನುತ್ತಾನೆ. “ಎಡಗೈ ನೋಡು” ಅನ್ನುತ್ತೇನೆ. “ಏನಿಲ್ಲ” ಅನ್ನುತ್ತಾನೆ. ಆಮೇಲೆ ನಾನು, “ಪುಟ್ಟಿದು ಏನಾದ್ರೂ ಇದೆಯಾ?” ಎಂದು ಕೇಳಿದ್ದೇನೆ.

ಆಮೇಲೆ “ಹೂಂ” ಅನ್ನುತ್ತಾನೆ.

— ಅಕ್ಕ


ಜೂನ್ 21

ಪುಟ್ಟಿ,

ನಿನ್ನಿಂದ ಪತ್ರ ಬರಲಿಲ್ಲ. ಗೆದ್ದವರಿಗೆ ಬರೆಯುವ ಗರಜೇನು?

ನಡೆದದ್ದನ್ನು ಹೇಳುತ್ತೇನೆ. ಅಪ್ಪ ನನಗೆ ಹೇಳದೆ ಸಿಳ್ಳೆಯ ಹೆಂಡತಿಯನ್ನು ಹುಡುಕಿಕೊಂಡು ಹೋದ. ಅವಳು ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಬಟ್ಟೆ ಹೊಲಿಯುತ್ತಾಳೆ. ಎದುರಿಗೆ ನಿಂತು ಎಲ್ಲವನ್ನೂ ಹೇಳಿದನಂತೆ: ಕಾಗದ, ಎರಡು ಸಿಳ್ಳೆ, ಮುಗಿಸಿದ ಆ ಸಾಲು.

ಅವಳು ಕೂಗಾಡಲಿಲ್ಲ. ಮಿಷನ್ನು ನಿಲ್ಲಿಸಿ, “ಎಂಟು ತಿಂಗಳಿಂದ ಎಲ್ಲರೂ ಯಾರೂ ಕೊಂದಿಲ್ಲ, ಯಾರೂ ಕೊಂದಿಲ್ಲ ಅಂದ್ರು. ಯಾರೂ ಕೊಲ್ಲದೆ ಮನುಷ್ಯ ಹೇಗೆ ಸಾಯ್ತಾನೆ ಅಂತ ನನಗೆ ಅರ್ಥ ಆಗಿರಲಿಲ್ಲ. ಈಗ ಆಯ್ತು. ಕೂತ್ಕೊಳ್ಳಿ” ಅಂದಳಂತೆ. ಮತ್ತೊಮ್ಮೆ ಹೇಳಿಸಿದಳು. ಮುಂದಿನ ಭಾನುವಾರ ಹತ್ತು ಗಂಟೆಗೆ ಬನ್ನಿ ಅಂದಳು. ಈಗ ಪ್ರತಿ ಭಾನುವಾರ ಹೋಗುತ್ತಾನೆ, ಗಡ್ಡ ಹೆರೆದುಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಅವಳು ಸತ್ತವನ ಕುರ್ಚಿಯಲ್ಲಿ ಕೂರಿಸಿ ಮೊದಲಿನಿಂದ ಹೇಳಿಸುತ್ತಾಳೆ. ಒಂದು ಮಾತು ಬಿಟ್ಟರೆ ತಡೆದು, “ಸಾಲು ಮುಗಿಸಿದ್ದು ಬಿಟ್ರಿ” ಅನ್ನುತ್ತಾಳೆ.

ನಾನು ಅವನನ್ನು ಮತ್ತೆ ಕುರ್ಚಿಗೆ ಕರೆದೆ. ಏಣಿ ಹತ್ತಿಸಿದೆ. “ಆ ಕಾಗದ ಮಡಚು, ಕಿಟಕಿಯಿಂದ ಹೊರಗೆ ಬಿಡು, ಗಾಳಿ ತಗೊಂಡು ಹೋಗ್ಲಿ” ಅಂದೆ. ಅವನ ಎಡಗೈ ಮುಷ್ಟಿಯಾಯಿತು. ಕಣ್ಣು ತೆರೆದು, ಏನೂ ಆಗದವನ ಹಾಗೆ ನನ್ನನ್ನೇ ನೋಡಿ, “ಬೇಡ ದೊಡ್ಡವಳೇ” ಅಂದ. ಮನಸ್ಸಿಲ್ಲದವರಿಂದ ಸಮ್ಮೋಹನದಲ್ಲಿ ಏನನ್ನೂ ಮಾಡಿಸಲಾಗದು ಎಂದು ಬರುವವರಿಗೆಲ್ಲ ಧೈರ್ಯ ಹೇಳುವವಳು ನಾನೇ.

ಕಾಗದವೇ ಇರಲಿಲ್ಲ ಎಂದು ಅವನಿಗೆ ನೇರವಾಗಿ ಹೇಳಲು ನನ್ನಿಂದ ಆಗುತ್ತಿಲ್ಲ. ಹೇಳಿದರೆ ಯಾಕೆ ಹಾಗೆ ಕೇಳಿದೆ ಎಂದೂ ಹೇಳಬೇಕಾಗುತ್ತದೆ. ನೀನು ಹೇಳು. ನಿನ್ನಲ್ಲಿ ರಿಜಿಸ್ಟರ್ ಇದೆ. ಜುಲೈ ಹದಿನೈದರ ಶಿಬಿರಕ್ಕೆ ಅವನನ್ನು ಕಳಿಸುತ್ತಿದ್ದೇನೆ. ಬಂದ ಬಾಗಿಲಲ್ಲೇ ಹೇಳಿಬಿಡು.

ಬೇಡುತ್ತಿದ್ದೇನೆ. ಇದನ್ನೂ ‘ಓದಿದೆ’ ಅನ್ನಬೇಡ.

— ಅಕ್ಕ


ಆಗಸ್ಟ್ 2

ಅಕ್ಕಾ,

ಬಂದ ಬಾಗಿಲಲ್ಲೇ ಹೇಳಲಿಲ್ಲ.

ಅವನು ಮಧ್ಯಾಹ್ನದ ಬಸ್ಸಿಗೆ ಬಂದ. ಒಂದು ಕೈಚೀಲ, ಅದರಲ್ಲಿ ನನಗೆಂದು ಅಮ್ಮನ ಸ್ವೆಟರು. ನಾನು ಗೇಟಿನಲ್ಲೇ ನಿಂತಿದ್ದೆ. ಮೌನ ಸಂಜೆ ಆರಕ್ಕೆ ಶುರುವಾಗುತ್ತದೆ. ಮೂರು ತಾಸು ಇತ್ತು. ಹಾಸಿಗೆ ತೋರಿಸಿದೆ, ನೀರು ಎಲ್ಲಿದೆ ಎಂದು ತೋರಿಸಿದೆ.

ಯಾಕೆ ಹೇಳಲಿಲ್ಲ ಎಂದು ನಿನಗೆ ಮಾತ್ರ ಬರೆಯಬಲ್ಲೆ, ಯಾಕೆಂದರೆ ನೀನೂ ಅಂಥವಳೇ. ನೀನು ಹಚ್ಚಿದ ಬಣ್ಣ ನನ್ನ ನೀರಿನಲ್ಲಿ ಬಿಟ್ಟುಹೋಗುವುದನ್ನು ನೋಡಬೇಕಿತ್ತು. ಯಾರೂ ಏನೂ ಹೇಳದೆ, ಬರೀ ಕೂತು, ಅವನಿಗೇ ಕಾಗದ ಮಾಯವಾಗಬೇಕಿತ್ತು. ಆಗ ಹತ್ತನೆಯ ದಿನ ನಿನಗೆ ಒಂದೇ ಸಾಲಿನ ಪತ್ರ ಬರೆಯುವುದೆಂದು ಆ ಸಾಲನ್ನು ಕೂಡ ಯೋಚಿಸಿಟ್ಟಿದ್ದೆ.

ಮಂಡಿ ನೋವೆಂದು ಅವನು ಹಿಂದಿನ ಸಾಲಿನಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ನಾನು ಮುಂದೆ, ಕಲಿಸುವವರ ಪಕ್ಕದಲ್ಲಿ. ದಿನಕ್ಕೆ ಹತ್ತು ತಾಸು. ನಾಲ್ಕನೆಯ ದಿನ ಅವನ ಎಡಗೈ ತೊಡೆಯ ಮೇಲೆ ಏನನ್ನೋ ಹಿಡಿದಂತೆ ಇತ್ತು. ಆರನೆಯ ದಿನ ಪ್ರಶ್ನೆ ಕೇಳುವ ಸಮಯದಲ್ಲಿ ಕೈಯೆತ್ತಿದ. ಚಿಕ್ಕ ಕೋಣೆಗೆ ಕರೆದೆ. ನಾವಿಬ್ಬರೇ. ಅವನ ತುಟಿ ಒಡೆದಿತ್ತು.

“ಪುಟ್ಟೀ, ಇದನ್ನ ಇನ್ನೂ ಎಷ್ಟು ಹೊತ್ತು ನೋಡ್ಬೇಕು?” ಅಂದ.

“ಬಂದದ್ದು ಬರಲಿ, ಹೋಗೋದು ಹೋಗಲಿ. ನೋಡ್ತಾ ಇರಿ” ಅಂದೆ.

ಇರಿ! ಎಲ್ಲರಿಗೂ ಹಾಗೆಯೇ ಹೇಳುವುದು ರೂಢಿ, ಬಾಯಿಗೆ ಅದೇ ಬಂತು. ಅವನು “ಆಯ್ತು ಮೇಡಂ” ಎಂದು ಹೋಗಿ ಕೂತ.

ಹತ್ತನೆಯ ದಿನ ಮೌನ ಮುಗಿದ ಮೇಲೆ ಹೇಳಿದೆ. ಕಚೇರಿಗೆ ಕರೆದೊಯ್ದು ರಿಜಿಸ್ಟರ್ ಬಿಚ್ಚಿ ನನ್ನ ಸಹಿ ತೋರಿಸಿದೆ. ಬೆರಳಿಟ್ಟು ಓದಿದ. “ರಿಜಿಸ್ಟರಲ್ಲಿ ತಪ್ಪು ಇರುತ್ತೆ. ಬಂದರಲ್ಲಿ ನಾನು ಎಷ್ಟು ನೋಡಿಲ್ಲ” ಅಂದ. ಮೊದಲು ಕಾಗದದ ಬಣ್ಣ ಮಾತ್ರ ಕಾಣುತ್ತಿತ್ತಂತೆ, ಇಲ್ಲಿ ಕೂತ ಮೇಲೆ ಅಂಚೆಯ ಮುದ್ರೆಯೂ ಸ್ಪಷ್ಟವಾಗಿದೆಯಂತೆ. ನಿನ್ನ ಒಂದು ಪ್ರಶ್ನೆ ಅದನ್ನು ಬಿತ್ತಿತು. ನನ್ನ ನೂರು ತಾಸಿನ ಮೌನ ಅದಕ್ಕೆ ನೀರು ಹಾಕಿ ಬೆಳೆಸಿತು.

ನೀನು ಕೇಳಬಾರದ್ದನ್ನು ಕೇಳಿದೆ. ನಾನು ಹೇಳಬೇಕಾದ್ದನ್ನು ಹೇಳಲಿಲ್ಲ. ಯಾರದು ಹೆಚ್ಚು ಎಂದು ಜಗಳವಾಡುವ ಆಸೆ ಇದ್ದರೆ ಬರೆ, ನನಗೂ ಇದೆ.

ಅವನು ಬಸ್ಸು ಹತ್ತಿದ್ದು ಇಪ್ಪತ್ತಾರಕ್ಕೆ. ಮನೆಗೆ ಬಂದನೆ?

— ತಂಗಿ


ಸೆಪ್ಟೆಂಬರ್ 14

ದೊಡ್ಡವಳೇ, ಪುಟ್ಟೀ,

ಎರಡೆರಡು ಸಲ ಬರೆಯುವ ತಾಳ್ಮೆ ನನಗಿಲ್ಲ. ದೊಡ್ಡವಳು ಓದಿ ಚಿಕ್ಕವಳಿಗೆ ಕಳಿಸಲಿ. ಹಾಗಾದರೂ ನಿಮ್ಮಲ್ಲಿ ಒಬ್ಬಳ ಕೈಯಿಂದ ಇನ್ನೊಬ್ಬಳ ಕೈಗೆ ಒಂದು ವಸ್ತು ಹೋಗಲಿ.

ನಾನು ಎಲ್ಲಿದ್ದೇನೆಂದು ಹುಡುಕುತ್ತಿದ್ದೀರೆಂದು ಬಂದರಿನವರು ಹೇಳಿದರು. ಮಾರುಕಟ್ಟೆ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿದಿದ್ದೇನೆ. ಸಿಳ್ಳೆಯ ಹೆಂಡತಿಯ ಅಂಗಡಿಯಿಂದ ಮೂರನೆಯ ಬಾಗಿಲು. ಭಾನುವಾರ ಮಾತ್ರ ಹೋಗುತ್ತಿದ್ದೆ, ಈಗ ದಿನವೂ ಹೋಗುತ್ತೇನೆ. ಅಂಗಿಗೆ ಗುಂಡಿ ಹಾಕಿಕೊಡುತ್ತೇನೆ. ಕೈ ಸೆಟೆಯುವುದಿಲ್ಲ, ಅದಕ್ಕೆ ದೊಡ್ಡವಳಿಗೆ ಉಪಕಾರ ಹೇಳಬೇಕು. ಬಂದ ಗಿರಾಕಿಗಳಿಗೆಲ್ಲ ಅವಳು, “ನಮ್ಮನೆಯವರನ್ನ ಕೊಂದವರು ಇವರೇ. ಗುಂಡಿ ಗಟ್ಟಿಯಾಗಿ ಹಾಕ್ತಾರೆ” ಅನ್ನುತ್ತಾಳೆ. ಕೆಲವರು ಅಂಗಿ ವಾಪಸು ತೆಗೆದುಕೊಂಡು ಹೋಗುತ್ತಾರೆ. ಕೆಲವರು ನಿಂತು ನೋಡುತ್ತಾರೆ. ಒಬ್ಬಳು ಹೆಂಗಸು ಉಗಿದಳು. ಸಿಳ್ಳೆಯ ಹೆಂಡತಿ ಯಾರನ್ನೂ ತಡೆಯುವುದಿಲ್ಲ.

ಶಿಬಿರದವರೆಗಿನ ನಿಮ್ಮ ಪತ್ರಗಳನ್ನೆಲ್ಲ ಓದಿದ್ದೇನೆ. ಪುಟ್ಟಿಯದು ದೊಡ್ಡವಳ ಮೇಜಿನ ಖಾನೆಯಲ್ಲಿ, ದೊಡ್ಡವಳದು ಪುಟ್ಟಿಯ ಹಾಸಿಗೆಯಡಿ. ನೀವು ನನ್ನ ವಿಷಯ ಬರೆದದ್ದು, ನಾನು ಓದಿದರೆ ತಪ್ಪೇನು? ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಮಕ್ಕಳ ಜಗಳದಲ್ಲಿ ಅಪ್ಪ ಬಡವಾದ ಎಂದು ಗಾದೆ ಇಲ್ಲ, ಮಾಡಿಕೊಳ್ಳಿ.

ದೊಡ್ಡವಳೇ, ನಿನ್ನ ಕುರ್ಚಿಯಲ್ಲಿ ನಾನು ಸತ್ತು ಮಲಗಿರಲಿಲ್ಲ. ನೀನು ಕೇಳಿದ ಪ್ರಶ್ನೆ ನನಗೂ ಕೇಳಿಸಿತ್ತು. ನಿನಗೆ ಯಾವ ಉತ್ತರ ಬೇಕಿತ್ತು ಎನ್ನುವುದೂ ಕೇಳಿಸಿತ್ತು. ಆಮೇಲೆ ಕಾಗದ ಕಂಡದ್ದು ಮಾತ್ರ ಸುಳ್ಳಲ್ಲ. ಕಂಡಿತು, ಈಗಲೂ ಕಾಣುತ್ತದೆ. ಪುಟ್ಟೀ, ನಿನ್ನ ರಿಜಿಸ್ಟರ್ ಸುಳ್ಳು ಎಂದೂ ನಾನು ನಂಬಿಲ್ಲ. ನಿನ್ನ ಸಹಿ ನನಗೆ ಗೊತ್ತಿಲ್ಲವೇ?

ಹನ್ನೊಂದು ವರ್ಷ ಅವನ ಸಿಳ್ಳೆ ಕೇಳಿ ಕೈ ಆಡಿಸಿದೆ. ಆ ದಿನವೂ ಎಲ್ಲವನ್ನೂ ಸರಿಯಾಗಿಯೇ ಮಾಡಿದೆ. ಸರಿಯಾಗಿ ಮಾಡಿಯೂ ಅವನು ಸತ್ತ ಅನ್ನುವುದನ್ನು ಹೊತ್ತುಕೊಂಡು ಎಂಟು ತಿಂಗಳು ಬದುಕಿ ನೋಡಿದೆ. ಆಗುವುದಿಲ್ಲ. ತಪ್ಪು ಮಾಡಿದವನು ಹೋಗಿ ಕೂರಲು ಒಂದು ಜಾಗವಿರುತ್ತದೆ, ಬೈಯಲು ಒಬ್ಬರಿರುತ್ತಾರೆ. ತಪ್ಪು ಮಾಡದವನಿಗೆ ಎಲ್ಲಿದೆ ಜಾಗ? ಅವಳಿಗೂ ಒಬ್ಬ ಬೇಕಿತ್ತು. ನಾನು ಸಿಕ್ಕೆ. ಇದನ್ನು ನನ್ನಿಂದ ಕಿತ್ತುಕೊಳ್ಳಲು ಇಬ್ಬರೂ ಬರಬೇಡಿ. ಒಬ್ಬಳು ಮಲಗಿಸಲು, ಇನ್ನೊಬ್ಬಳು ಎಬ್ಬಿಸಲು. ನನಗೆ ಎರಡೂ ಸಾಕು. ಬಂದರೆ ನಿಮ್ಮನ್ನು ನನ್ನ ಮಕ್ಕಳೆಂದು ಅವಳಿಗೆ ಪರಿಚಯ ಮಾಡಿಸುವುದಿಲ್ಲ.

ಇಷ್ಟು ತಿಂಗಳು ಯಾರೂ ಕೇಳದ ಮಾತೊಂದನ್ನು ಹೋದ ಭಾನುವಾರ ಅವಳು ಕೇಳಿದಳು. “ಅಂಥದ್ದೇನಿತ್ತು ರೀ ಆ ಪತ್ರದಲ್ಲಿ?”

ದೊಡ್ಡವಳು ಕೇಳಿರಲಿಲ್ಲ. ಪುಟ್ಟಿ ಕೇಳಿರಲಿಲ್ಲ. ನಾನೂ ಅಲ್ಲಿಯವರೆಗೆ ಓದಿ ನೋಡಿರಲಿಲ್ಲ. ನೋಡಿದೆ.

“ಚಿಕ್ಕ ಮಗಳು ಮನೆಗೆ ಬರ್ತೀನಿ ಅಂತ ಬರೆದಿದ್ಲು. ಬರಲಿ ಅಂತ ದೊಡ್ಡವಳೂ ಒಪ್ಪಿದಾಳಂತೆ” ಅಂದೆ.

“ಬಂದ್ಲಾ?”

“ಇಲ್ಲ.”

ಅವಳು ಸೂಜಿಗೆ ದಾರ ಪೋಣಿಸಿ ನನ್ನ ಕೈಗೆ ಕೊಟ್ಟಳು.

— ಅಪ್ಪ